ಪೇಜ್ ಇದ್ದರೆ ವೆಬ್‌ಸೈಟ್ ಬೇಡವೇ? ಸತ್ಯಾಂಶ

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೇಜ್ ಪುಕ್ಕಟೆ, ಕಾಯಂ ನಮ್ಮದೇ, ವೆಬ್‌ಸೈಟ್ ಸುಮ್ನೆ ದುಡ್ಡು ದಂಡ ಅನ್ನುವ ಮಾತು ಹುಬ್ಬಳ್ಳಿ-ಧಾರವಾಡದ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ಕಳಿಸುವವರದು ಖರ್ಚು ಉಳಿಸುವ ಒಳ್ಳೆಯ ಉದ್ದೇಶವೇ.

ಪುಕ್ಕಟೆ ಅನ್ನುವುದು ನಿಜ. ಕಾಯಂ ಅನ್ನುವುದು ತಪ್ಪು. ನೀವು ತೆಗೆದ ಫೋಟೊ ನಿಮ್ಮದು, ಪೇಜ್ ಇರುವ ಜಾಗ ಕಂಪನಿಯದು. ನಿಯಮ ಮೀರಿದೆ ಅನ್ನಿಸಿದರೆ ಮುಚ್ಚುವ ಹಕ್ಕು ಅವರಿಗಿದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಫಾಲೋವರ್ ಇದ್ದ ಖಾತೆಗಳೂ ಇಲ್ಲಿ ಕೆಲಸಕ್ಕೆ ಬಾರದಾದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು 6 ಗಂಟೆ ಒಟ್ಟಿಗೇ ನಿಂತಿದ್ದವು.

ಯಾರ ಮಾತನ್ನೂ ನಂಬಬೇಕಿಲ್ಲ, ನೀವೇ ನೋಡಬಹುದು. ಆ್ಯಪ್‌ನ ನಿಯಮಗಳಲ್ಲಿ ಖಾತೆ ಅಮಾನತಿನ ಭಾಗ ಓದಿ. ಪೇಜ್‌ನ ಅಂಕಿಅಂಶ ತೋರಿಸುವ 'ಇನ್‌ಸೈಟ್ಸ್' ತೆರೆದು, ಕಳೆದ ಪೋಸ್ಟ್ ಎಷ್ಟು ಜನರಿಗೆ ತಲುಪಿತು ಎಂದು ನೋಡಿ, ಫಾಲೋವರ್ ಸಂಖ್ಯೆ ಪಕ್ಕದಲ್ಲಿಡಿ. ಎಲ್ಲರಿಗೂ ಕಾಣುವುದಿಲ್ಲ, ಅಲ್ವಾ?

ಹಾಗಂತ ವೆಬ್‌ಸೈಟೂ ಒಮ್ಮೆ ಕೊಂಡರೆ ಮುಗಿಯುವಂಥದ್ದಲ್ಲ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಅವಧಿ ಮುಗಿಯುವ ದಿನ ಹೆಸರಿನ ನೋಂದಣಿ ವಿವರ ತೋರಿಸುವ 'ಹೂ ಈಸ್' (WHOIS) ಹುಡುಕಾಟದಲ್ಲಿ ಕಾಣುತ್ತದೆ. ಮಾಡಿಕೊಟ್ಟವರು ತಮ್ಮ ಹೆಸರಿಗೇ ನೋಂದಾಯಿಸಿದ್ದರೆ ಅದೂ ನಿಮ್ಮದಲ್ಲ. ಲಾಗಿನ್ ಕೇಳಿ ಪಡೆಯಿರಿ.

ಬೆಟಗೇರಿಯಲ್ಲಿ ಹೊಸ ಸೀರೆ ತೋರಿಸಲು ಪೇಜ್ ಸಾಕಾಗಬಹುದು. ಬ್ಯಾಡಗಿ ಮೆಣಸಿನಕಾಯಿಯನ್ನು ದೂರದೂರಿಗೆ ಮಾರುವವರಿಗೆ ದರ, ವಿಳಾಸ ಇರುವ ಒಂದೇ ಪುಟದ ವೆಬ್‌ಸೈಟ್ ಜಾಸ್ತಿ ಉಪಯೋಗ. ಗಿರಾಕಿಗಳ ಫೋನ್ ನಂಬರ್ ಮಾತ್ರ ಇಬ್ಬರೂ ಬೇರೆ ಬರೆದಿಟ್ಟುಕೊಳ್ಳಲಿ.