ಊರಿನ ರೇಡಿಯೋದಲ್ಲಿ ಊರಿನ ಮಾತು ಇರಬೇಕು

ಅಮೆರಿಕದಲ್ಲಿ ಸ್ಪ್ಯಾನಿಷ್ ರೇಡಿಯೋ ಸೊರಗುತ್ತಿದೆ ಅಂದರೆ ಜನ ನಂಬುವುದಿಲ್ಲ. ಲಾಸ್ ಏಂಜಲೀಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ಕಾರಿನ ರೇಡಿಯೋ ತಿರುಗಿಸಿ ನೋಡಿ, ಸ್ಪ್ಯಾನಿಷ್ ಸ್ಟೇಷನ್‌ಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಎಷ್ಟು ತಾವಿರುವ ಊರಿನ ಸುದ್ದಿ ಹೇಳುತ್ತವೆ? ನನ್ನ ಸಂಕಟ ಅದು.

ಶುರುವಿನಲ್ಲಿ ಹೀಗಿರಲಿಲ್ಲ. 1920ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಪೆಡ್ರೊ ಗೊನ್ಸಾಲೆಸ್ ಬೆಳಗಿನ ಜಾವ ಕಾರ್ಯಕ್ರಮ ಕೊಡಲು ಶುರುಮಾಡಿದರು. ಇಂಗ್ಲಿಷ್ ಸ್ಟೇಷನ್‌ಗಳಿಗೆ ಬೇಡವಾದ ಹೊತ್ತು, ಅಗ್ಗಕ್ಕೆ ಸಿಗುತ್ತಿತ್ತು. ಕೂಲಿಗೆ ಹೊರಡುವ ಮೆಕ್ಸಿಕನ್ನರು ಏಳುತ್ತಿದ್ದುದೂ ಆಗಲೇ. ಹಾಡಿನ ನಡುವೆ ಎಲ್ಲಿ ಕೆಲಸ ಇದೆ ಅಂತ ಹೇಳುತ್ತಿದ್ದರು. ತಮ್ಮ ಜನರನ್ನು ಗುಂಪುಗುಂಪಾಗಿ ಗಡಿಯಾಚೆ ಅಟ್ಟುವುದನ್ನು ವಿರೋಧಿಸಿ ಮಾತಾಡುತ್ತಿದ್ದರು. 1934ರಲ್ಲಿ ಅತ್ಯಾಚಾರದ ಆರೋಪ ಹೊರಿಸಿ ಅವರನ್ನು ಜೈಲಿಗೆ ಹಾಕಿದರು. ದೂರು ಕೊಟ್ಟ ಹುಡುಗಿಯೇ ಆಮೇಲೆ ಅದು ಸುಳ್ಳು ಅಂದರೂ ಬಿಡಲಿಲ್ಲ. 1940ರಲ್ಲಿ ಬಿಡುಗಡೆ ಮಾಡಿ ಮೆಕ್ಸಿಕೊಗೆ ಕಳಿಸಿದರು.

ಆಮೇಲೆ ದುಡ್ಡು ಬಂತು. 1992ರಲ್ಲಿ ಲಾಸ್ ಏಂಜಲೀಸ್‌ನ 97.9 ಸ್ಟೇಷನ್ ಮೆಕ್ಸಿಕೊದ ಬಾಂಡಾ ಸಂಗೀತ ಹಾಕಿ ಇಂಗ್ಲಿಷ್ ಸ್ಟೇಷನ್‌ಗಳನ್ನೆಲ್ಲ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಜಾಹೀರಾತಿನವರ ಕಣ್ಣು ತೆರೆಯಿತು. 1996ರ ಕಾನೂನು ಒಬ್ಬರೇ ದೇಶದಲ್ಲಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಅಂದಿತು. 2003ರಲ್ಲಿ ಸ್ಪ್ಯಾನಿಷ್ ಟಿವಿ ಕಂಪನಿ ಯೂನಿವಿಷನ್ ಸುಮಾರು 300 ಕೋಟಿ ಡಾಲರ್‌ಗೆ ಒಂದಿಡೀ ಸ್ಪ್ಯಾನಿಷ್ ರೇಡಿಯೋ ಕಂಪನಿಯನ್ನೇ ಕೊಂಡಿತು. ಒಂದು ಊರಿನಲ್ಲಿ ಕೂತು ಮಾತಾಡಿದ್ದು ಹತ್ತಾರು ಊರಿಗೆ ಹೋಗುವ ಪದ್ಧತಿ ಬೆಳೆಯಿತು. ಅದರಿಂದ ಒಳ್ಳೆಯದೂ ಆಗಿದೆ, ಇಲ್ಲ ಅನ್ನಲ್ಲ. 2006ರ ಮಾರ್ಚ್‌ನಲ್ಲಿ ವಲಸಿಗರ ವಿರುದ್ಧದ ಮಸೂದೆಯನ್ನು ವಿರೋಧಿಸಿ ಲಾಸ್ ಏಂಜಲೀಸ್‌ನ ಬೀದಿಗೆ ಲಕ್ಷಗಟ್ಟಲೆ ವಲಸಿಗರು ಇಳಿದರಲ್ಲ, ಬಿಳಿ ಅಂಗಿ ಹಾಕಿಕೊಂಡು ಬನ್ನಿ ಅಂತ ಅವರನ್ನು ಕರೆದಿದ್ದು ಪಿಯೊಲಿನ್, ಎಲ್ ಕುಕುಯ್‌ ಥರದ ರೇಡಿಯೋ ನಿರೂಪಕರೇ. ಆದರೆ ದೊಡ್ಡ ಊರಿನ ದೊಡ್ಡ ದನಿ ಸಣ್ಣ ಊರಿನ ನಿರೂಪಕನ ಕೆಲಸ ತಿಂದಿತು.

ಈಗ ಆ ದುಡ್ಡೂ ಹೊರಟಿದೆ. 2022ರಲ್ಲಿ ಅದೇ ಯೂನಿವಿಷನ್ 10 ಊರುಗಳ 18 ಸ್ಟೇಷನ್‌ಗಳನ್ನು ಬರೀ 6 ಕೋಟಿ ಡಾಲರ್‌ಗೆ ಮಾರಿತು. ಮಯಾಮಿಯ ಕ್ಯೂಬನ್ನರ ರೇಡಿಯೋ ಮಾಂಬಿಯೂ ಅದರಲ್ಲಿತ್ತು. ಕೊಂಡವರ ಹಿಂದೆ ಯಾರ ದುಡ್ಡಿದೆ, ಎಡವೋ ಬಲವೋ ಅಂತ ದೊಡ್ಡ ಗಲಾಟೆ ಆಯಿತು. ಆ ಊರಿನ ಸುದ್ದಿ ತರಲು ಇನ್ನು ಎಷ್ಟು ಜನ ಇರುತ್ತಾರೆ ಅನ್ನುವ ಪ್ರಶ್ನೆ ಮಾತ್ರ ಆ ಗಲಾಟೆಯಲ್ಲಿ ಮುಳುಗಿಹೋಯಿತು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ವಿಷಯಕ್ಕೆ. ಅಲ್ಲಿನ ರೇಡಿಯೋ ಬಿಲಿಂಗ್ವೆ 1980ರ ಜುಲೈ 4ರಂದು ಪ್ರಸಾರ ಶುರುಮಾಡಿತು. ಕಟ್ಟಿದವರಲ್ಲಿ ಮುಖ್ಯರಾದ ಹ್ಯೂಗೊ ಮೊರಾಲೆಸ್ ಮೆಕ್ಸಿಕೊದ ಓಹಾಕಾದ ಮಿಕ್ಸ್ಟೆಕ್ ಅನ್ನುವ ಮೂಲನಿವಾಸಿ ಸಮುದಾಯದವರು. ಚಿಕ್ಕಂದಿನಲ್ಲಿ ಹೊಲದಲ್ಲಿ ದುಡಿದವರು, ಹಾರ್ವರ್ಡ್‌ನಲ್ಲಿ ಕಾನೂನು ಓದಿ ಅದೇ ಕೂಲಿ ಜನರ ನಡುವೆ ಬಂದು ಕೂತರು. ದ್ರಾಕ್ಷಿ, ಬಾದಾಮಿ ತೋಟದ ಕೆಲಸಗಾರರಿಗೆ ಬೇಕಾದ ಮಾತು ಅಲ್ಲಿ ಬರುತ್ತದೆ: ಬಿಸಿಲು, ಕೀಟನಾಶಕ, ಕೂಲಿ, ವಲಸೆ ಕಾನೂನು. ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದವರಿಗೆ ಮಿಕ್ಸ್ಟೆಕ್ ಭಾಷೆಯಲ್ಲೇ ಕಾರ್ಯಕ್ರಮ ಇದೆ. ಯಾವ ಜಾಹೀರಾತು ಕಂಪನಿ ಇದಕ್ಕೆ ದುಡ್ಡು ಹಾಕುತ್ತದೆ ಹೇಳಿ?

2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ, ಅಂದರೆ ಲಾಭಕ್ಕಲ್ಲದೆ ನಡೆಯುವ ಇಂಥ ಸ್ಟೇಷನ್‌ಗಳಿಗೆ, ಮೀಸಲಿಟ್ಟಿದ್ದ 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ದೊಡ್ಡ ನಗರದ ಸ್ಟೇಷನ್ ಹೇಗೋ ದೇಣಿಗೆ ಎತ್ತಿಕೊಳ್ಳುತ್ತದೆ, ಅಲ್ಲಿ ಕೇಳುಗರ ಹತ್ತಿರ ದುಡ್ಡಿದೆ. ಫ್ರೆಸ್ನೊದಲ್ಲಿ ಕೇಳುವವರು ದಿನಗೂಲಿಯವರು. ಅವರ ಹತ್ತಿರ ಏನು ಅಂತ ಕೇಳುವುದು? ಮೊಬೈಲ್ ಇದೆಯಲ್ಲ, ಯೂಟ್ಯೂಬ್ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು. ನಾಳೆ ಬಿಸಿಲು ಏರಿದರೆ ಫ್ರೆಸ್ನೊದ ತೋಟದ ಕೆಲಸಗಾರರಿಗೆ ಅವರದೇ ಭಾಷೆಯಲ್ಲಿ ಎಚ್ಚರಿಕೆ ಹೇಳುವ ಕೆಲಸವನ್ನು ಯೂಟ್ಯೂಬ್ ವಹಿಸಿಕೊಂಡಿಲ್ಲ.

ಆ ಕಡೆ ಇರುವ ನಮ್ಮ ಕನ್ನಡದವರು, ಫ್ರೆಸ್ನೊ ದಾಟುವಾಗ 91.5 ಹಾಕಿ. ಭಾಷೆ ಬರದಿದ್ದರೂ ಹಾಡು ಕೇಳಿ. ಕೈಲಾದರೆ ಅವರಿಗೆ ಒಂದಿಷ್ಟು ದುಡ್ಡು ಕಳಿಸಿ. ನಾವು ದಿನಾ ತಿನ್ನುವ ಹಣ್ಣು ಕೀಳುವವರ ರೇಡಿಯೋ ಅದು.