ಅಪ್ಪನಿಗೆ ‘ಲೋ’

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆಯ ಚಾವಡಿಯಲ್ಲಿ ಕೂತು ನಾನು ಬೆಂಗಳೂರಿನ ಕೆಲಸ ಮಾಡುವವನು. ಮೀಟಿಂಗಿನಲ್ಲಿ ಮ್ಯಾನೇಜರ ಮಾತು ನನಗೆ ಚೆನ್ನಾಗಿ ಕೇಳುತ್ತದೆ. ನಾನು ಬಾಯಿ ತೆರೆದರೆ ಮಾತ್ರ ಆಚೆಯವರಿಗೆ ಸ್ವರ ತುಂಡು ತುಂಡು. ತಪ್ಪು ಯಾರದ್ದೆಂದು ಹುಡುಕುವ ಕಷ್ಟವೇ ಬರಲಿಲ್ಲ. ಎದುರಿಗೇ ಅಪ್ಪ ಟಿವಿಯಲ್ಲಿ ಯೂಟ್ಯೂಬಿನ ತಾಳಮದ್ದಳೆ ಹಾಕಿ ಕೂತಿದ್ದರು.

ರೂಟರಿನಲ್ಲಿ ‘ಕ್ಯೂಒಎಸ್’ ಎಂಬುದೊಂದು ಇದೆ. ಸಾಲಿನಲ್ಲಿ ಯಾರನ್ನು ಮುಂದೆ ಬಿಡಬೇಕು, ಯಾರನ್ನು ಹಿಂದೆ ನಿಲ್ಲಿಸಬೇಕು ಎಂಬ ಪಟ್ಟಿ. ನನ್ನ ಲ್ಯಾಪ್‌ಟಾಪಿಗೆ ‘ಹೈಯೆಸ್ಟ್’ ಕೊಟ್ಟೆ. ಮಗನ ಗೇಮಿಗೆ ‘ನಾರ್ಮಲ್’. ಟಿವಿಗೆ ‘ಲೋ’. ಇಂಟರ್ನೆಟ್ ಲೈನಿನ ವೇಗ ಒಳಬರಲು ಎಷ್ಟು, ಹೊರಹೋಗಲು ಎಷ್ಟು ಎಂದು ಕೇಳುವ ಎರಡು ಚೌಕಗಳಿದ್ದವು. ನಮ್ಮದು 40 ಎಂಬಿಪಿಎಸ್. ಎರಡರಲ್ಲೂ 40 ಎಂದು ಕುಟ್ಟಿ ಸೇವ್ ಒತ್ತಿದೆ.

“ಎಂತದು ಮಾರಾಯ, ಕರ್ಣ ಬಾಯಿ ತೆರೆದವನು ಮುಚ್ಚುವುದೇ ಇಲ್ಲ!” ಎಂದರು ಅಪ್ಪ. ಟಿವಿಯಲ್ಲಿ ಅರ್ಥಧಾರಿಗಳು ಕೈ ಎತ್ತಿದಲ್ಲಿಗೇ ನಿಂತಿದ್ದರು. ಒಳಗಿನಿಂದ ಮಗನ ಬೊಬ್ಬೆ. ಮೀಟಿಂಗಿನಿಂದ ನಾನೇ ಹೊರಗೆ. ರೂಟರಿನ ಪುಟ ಮಾತ್ರ ಚಕಚಕನೆ ತೆರೆಯುತ್ತಿತ್ತು, ಅದು ಮನೆಯೊಳಗಿನದ್ದೇ ಅಲ್ಲವೇ.

ಅರ್ಧ ಗಂಟೆ ಪರದಾಡಿದ ಮೇಲೆ ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. “ನಲುವತ್ತು ಅಂದರೆ ಎಂತ, ಕಿಲೋವೋ ಕ್ವಿಂಟಾಲೋ?”

ಚೌಕದ ಪಕ್ಕದಲ್ಲಿ ಸಣ್ಣಕ್ಷರದಲ್ಲಿತ್ತು: ಕೆಬಿಪಿಎಸ್. ಅಂದರೆ ಎಂಬಿಪಿಎಸ್‌ನ ಸಾವಿರದಲ್ಲೊಂದು ಪಾಲು. ಹಾಕಬೇಕಾದದ್ದು 40,000. ಮಾಮೂಲಿ ಡಿಜಿಟಲ್ ದೂರವಾಣಿಯ ಒಂದು ಕರೆಗೇ 64 ಬೇಕು; ನಾನು ಇಡೀ ಮನೆಗೆ 40 ಕೊಟ್ಟು ಅದರಲ್ಲಿ ಹಿರಿಯ-ಕಿರಿಯ ಎಂದು ಪಂಕ್ತಿ ಹಾಕಿದ್ದೆ! ಸ್ವಲ್ಪ ಕೈಹಿಡಿದು 36,000 ಬರೆದೆ. ಸಾಲು ಆಚೆ ಕಂಪನಿಯವರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ರೂಟರಿನಲ್ಲೇ ನಿಂತರೆ ತಾನೇ ನಮ್ಮ ಪಟ್ಟಿಗೆ ಬೆಲೆ? ನೀರಿಗೆಂದು ಗುಡ್ಡ ಕೊರೆದ ಸುರಂಗದಿಂದ ಎಷ್ಟು ನೀರು ಬರುತ್ತದೆನ್ನುವುದು ನಮ್ಮ ಕೈಯಲ್ಲಿಲ್ಲ. ತೊಟ್ಟಿಯಿಂದ ತೋಟದ ಯಾವ ಕಣಿಗೆ ಎಷ್ಟು ಬಿಡುವುದೆಂಬುದಷ್ಟೇ ನಮ್ಮದು.

ಕರ್ಣ ಬಾಯಿ ಮುಚ್ಚಿದ. ಆದರೆ ನನ್ನ ಹೆಗಲ ಮೇಲಿಂದ ಇಣುಕಿದ ಮಗ ಓದಿಬಿಟ್ಟ: “ಅಜ್ಜನಿಗೆ ಲೋ ಹಾಕಿದ್ದಾರೆ!”

ಅಪ್ಪ ಏನೂ ಅನ್ನಲಿಲ್ಲ. ಅದೇ ಹೆದರಿಕೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನಿಗೆ, “ಮೊದಲು ಅವನಿಗೆ ಬಡಿಸು, ನಾನು ಲೋ” ಎಂದರು.

ಅಸಲಿ ಕಳ್ಳ ಸಿಕ್ಕಿದ್ದು ಸಂಜೆ. ಟಿವಿಯದ್ದೆಲ್ಲ ಹೊರಗಿನಿಂದ ಒಳಗೆ ಬರುವ ಸರಕು, ನನ್ನ ಸ್ವರ ಹೋಗಬೇಕಾದದ್ದು ಒಳಗಿನಿಂದ ಹೊರಗೆ. ಆ ದಾರಿಯನ್ನು ಅಡ್ಡಗಟ್ಟಿ ಯಾರೋ ಉಪನಯನದ ನಾನ್ನೂರು ಫೋಟೋಗಳನ್ನು ಬ್ಯಾಕಪ್ಪಿಗೆ ಸಾಗಿಸುತ್ತಿದ್ದರು. ಆ ಫೋನು ನನ್ನ ಕಿಸೆಯಲ್ಲಿತ್ತು.

ಈಗ ಟಿವಿ ‘ಹೈ’, ನನ್ನ ಫೋನು ‘ಲೋ’. ನಿನ್ನೆಯ ಮೀಟಿಂಗಿನಲ್ಲಿ ನನ್ನ ಸ್ವರ ಬಹಳ ಸ್ಪಷ್ಟವಾಗಿತ್ತಂತೆ. ಹಿಂದಿನ ಚೆಂಡೆ ಅದಕ್ಕಿಂತಲೂ ಸ್ಪಷ್ಟ ಎಂದರು ಮ್ಯಾನೇಜರು.