ಪಿತ್ರಾರ್ಜಿತ ಹೊಟ್ಟೆ, ಸ್ವಯಾರ್ಜಿತ ಬೋಂಡ

ತುಮಕೂರಿನ ಅಮಾನಿಕೆರೆಯಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಈಗ ಎರಡು ಪಕ್ಷ. ಒಂದು ಜೀನ್ ಪಕ್ಷ, ಇನ್ನೊಂದು ನಾಲಿಗೆ ಪಕ್ಷ. ಹೊಟ್ಟೆ ಅನ್ನುವುದು ತಾತ ಮುತ್ತಾತಂದಿರಿಂದ ಇಳಿದು ಬಂದದ್ದು, ನಾವು ನಿಮಿತ್ತ ಮಾತ್ರ ಎಂದು ಮೊದಲನೆಯವರು. ಅದೆಲ್ಲ ಸಬೂಬು, ಬಾಯಿ ಕಟ್ಟಿದರೆ ಹೊಟ್ಟೆ ತಾನಾಗಿ ಇಳಿಯುತ್ತದೆ ಎಂದು ಎರಡನೆಯವರು. ಭಾನುವಾರ ಈ ವಾದ ಕೊನೆಗಾಣುವುದು ಕ್ಯಾತ್ಸಂದ್ರದಲ್ಲಿ, ಒಂದೇ ಮೇಜಿನ ಸುತ್ತ, ತಟ್ಟೆ ಇಡ್ಲಿಯ ನೆತ್ತಿಯ ಮೇಲೆ ಬೆಣ್ಣೆ ಕರಗುವ ಹೊತ್ತಿಗೆ. ಆ ಹೊತ್ತಿನಲ್ಲಿ ವಿರೋಧ ಪಕ್ಷ ಅಂತ ಯಾರೂ ಇರುವುದಿಲ್ಲ.

ಜೀನ್ ಪಕ್ಷದ ಮುಖಂಡರು ಒಬ್ಬ ನಿವೃತ್ತ ಶಿರಸ್ತೇದಾರರು. ಜೀವಮಾನವೆಲ್ಲ ತಾಲ್ಲೂಕು ಕಚೇರಿಯಲ್ಲಿ ಕಳೆದವರಾದ್ದರಿಂದ ಅವರ ವಾದಕ್ಕೆ ಕಾನೂನಿನ ಬಲ ಉಂಟು. “ನೋಡಿ ಸ್ವಾಮಿ, ಆಸ್ತಿ ಎರಡೇ ಬಗೆ. ಪಿತ್ರಾರ್ಜಿತ, ಸ್ವಯಾರ್ಜಿತ. ನಮ್ಮ ತಾತನಿಗೂ ಹೊಟ್ಟೆ ಇತ್ತು, ಅಪ್ಪನಿಗೂ ಇತ್ತು, ನನಗೂ ಇದೆ. ಇದು ಪಿತ್ರಾರ್ಜಿತ ಅನ್ನೋದಕ್ಕೆ ಇನ್ನೇನ್ ಬೇಕು? ಬೇಕಾದ್ರೆ ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿಕೊಡ್ತೀನಿ.” ತಾತನ ಜಮೀನು ಅಣ್ಣತಮ್ಮಂದಿರಲ್ಲಿ ಭಾಗವಾಗಿ ಇವರ ಪಾಲಿಗೆ ಗುಂಟೆ ಲೆಕ್ಕದಲ್ಲಿ ಬಂತು. ಹೊಟ್ಟೆ ಮಾತ್ರ ಯಾರ ತಕರಾರೂ ಇಲ್ಲದೆ ಇಡಿಯಾಗಿ ಬಂತು. ಆ ತಾತ ಮುದ್ದೆ, ಹುರುಳಿಕಾಳು ಬಸ್ಸಾರು ಉಂಡು ಸಂಜೆವರೆಗೆ ನೇಗಿಲ ಹಿಂದೆ ನಡೆಯುತ್ತಿದ್ದ ಎಂಬುದನ್ನು ಬರೆಯಲು ವಂಶವೃಕ್ಷದಲ್ಲಿ ಕಾಲಂ ಇಲ್ಲ.

ಹಾಗಂತ ಶಿರಸ್ತೇದಾರರ ಅರ್ಜಿಯನ್ನು ಸಾರಾಸಗಟಾಗಿ ವಜಾ ಮಾಡುವ ಹಾಗೂ ಇಲ್ಲ. 1986ರಲ್ಲಿ ಅಮೆರಿಕದ ಸಂಶೋಧಕ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಜನರ ತೂಕದ ಲೆಕ್ಕ ಹಾಕಿ ನೋಡಿದರು. ಅವರ ಮೈಕಟ್ಟು ಹೋಲಿದ್ದು ಹೆತ್ತವರನ್ನೇ ಹೊರತು ಸಾಕಿ ಉಣ್ಣಿಸಿದವರನ್ನಲ್ಲ. 1997ರಲ್ಲಿ ಬ್ರಿಟನ್ನಿನಲ್ಲಿ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಎಂಬ ಹಾರ್ಮೋನನ್ನು ತಯಾರಿಸುವ ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಹೊಟ್ಟೆ ತುಂಬಿತು, ಸಾಕು ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಹಾರ್ಮೋನು ಅದು. ಎಂಟು ವರ್ಷದ ಹುಡುಗಿ 86 ಕಿಲೋ ತೂಗುತ್ತಿದ್ದಳು. ಅಂಥ ಮಗುವಿಗೆ “ಬಾಯಿ ಕಟ್ಟಮ್ಮ” ಅನ್ನುವವನಿಗೆ ಬುದ್ಧಿ ಇಲ್ಲ ಅನ್ನಬೇಕಷ್ಟೆ. ಆದರೆ ಇಂಥ ಪ್ರಕರಣ ತೀರ ಅಪರೂಪ. ಊರಿನಲ್ಲೆಲ್ಲ ಓಡಾಡುವ ಜೀನ್ ಎಂದರೆ 2007ರಲ್ಲಿ ಹೆಸರು ಮಾಡಿದ ಎಫ್‌ಟಿಒ. ಅದರ ತೂಕ ಹೆಚ್ಚಿಸುವ ನಮೂನೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದವರು ಯಾರ ಕಡೆಯಿಂದಲೂ ಬರದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಮೂರೇ ಕಿಲೋ. ಇನ್ನೂ ನೂರಾರು ಜೀನ್‌ಗಳು ಚಿಲ್ಲರೆ ಚಿಲ್ಲರೆಯಾಗಿ ಸೇರುತ್ತವೆ, ನಿಜ. ಆದರೂ ಶಿರಸ್ತೇದಾರರ ಬೆಲ್ಟಿನ ಮೇಲೆ ಒತ್ತುವರಿಯಾಗಿರುವ ಅಷ್ಟೂ ಜಾಗ ತಾತನ ಖಾತೆಗೆ ಹೋಗುವುದಿಲ್ಲ.

ನಾಲಿಗೆ ಪಕ್ಷದವರಿಗೆ ಇಂಥ ತಾಪತ್ರಯವೇ ಇಲ್ಲ. ಅವರದು ಒಂದೇ ಮಂತ್ರ: ಮನಸ್ಸು ಗಟ್ಟಿ ಇರಬೇಕು. ದೃಷ್ಟಾಂತವೂ ಕೈಗೆಟಕುವಲ್ಲೇ ಇದೆ. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ ಹಾಕಿ, ತಾವು ಮಿತವಾಗಿ ಉಂಡು, 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದರು. ಇದನ್ನು ಎತ್ತಿದ ಕೂಡಲೇ ಜೀನ್ ಪಕ್ಷದಿಂದ ಉತ್ತರ ಸಿದ್ಧ: “ಅವರ ಜೀನೇ ಹಂಗಿತ್ತು ಬಿಡ್ರಿ.”

ಇನ್ನು ಮನಸ್ಸು ಗಟ್ಟಿ ಇರಬೇಕಾದ ಜಾಗವನ್ನೊಂದು ಸಲ ನೋಡೋಣ. ಸಂಜೆ ಐದು ಗಂಟೆಗೆ ಬಿ.ಎಚ್. ರಸ್ತೆಯ ಯಾವುದಾದರೂ ಬೇಕರಿ. ಆಗಷ್ಟೇ ಒಲೆಯಿಂದ ಹೊರಬಂದ ಪಫ್ಸ್ ಟ್ರೇ, ಪಕ್ಕದಲ್ಲಿ ದಿಲ್‌ಪಸಂದ್, ಕಾಂಗ್ರೆಸ್ ಕಡ್ಲೆಬೀಜ, ಗಾಜಿನಾಚೆ ಮೈತುಂಬ ಜಾಮ್ ಬಳಿದುಕೊಂಡು ಕೂತ ಹನಿ ಕೇಕ್. ಹಾಸ್ಟೆಲ್ ಹುಡುಗನೊಬ್ಬ ಮಧ್ಯಾಹ್ನದ ಊಟ ತಪ್ಪಿಸಿಕೊಂಡು ಬಂದಿದ್ದಾನೆ. ಹತ್ತು ರೂಪಾಯಿಗೆ ಚಿಪ್ಸ್ ಪೊಟ್ಟಣ ಸಿಗುತ್ತದೆ, ನೇತು ಹಾಕಿರುವುದು ಅವನ ಮೂಗಿನ ನೇರಕ್ಕೇ. ಅದೇ ಹತ್ತು ರೂಪಾಯಿ ಹಿಡಿದು ಹೋಗಿ ದಾಳಿಂಬೆ ಕೇಳಿದರೆ ಹಣ್ಣಿನ ಗಾಡಿಯವನು ಮೇಲಿಂದ ಕೆಳಗೆ ನೋಡುತ್ತಾನೆ. ಇದಕ್ಕೆ ಹೆಸರು ಆಯ್ಕೆಯ ಸ್ವಾತಂತ್ರ್ಯ. ಮೂರು ತಲೆಮಾರಿನಲ್ಲಿ ಜೀನ್ ಬದಲಾಗಲಿಲ್ಲ, ಮನಸ್ಸೂ ಏಕಾಏಕಿ ಮೆತ್ತಗಾಗಲಿಲ್ಲ, ಬದಲಾದದ್ದು ಬೀದಿ. ಅದನ್ನು ಮಾತ್ರ ಎರಡೂ ಪಕ್ಷದವರು ಕೇಳುವುದಿಲ್ಲ. ಕೇಳಿದರೆ ಬೇಕರಿ ದೂರ ಹೋದೀತು ಎಂಬ ಭಯವಿರಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ. 2025ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯಿಂದ ಓಲೆ ಬಂತು: ಯಾವ ತಿಂಡಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಎಂದು ಕಚೇರಿಗಳಲ್ಲಿ ಬೋರ್ಡ್ ಹಾಕಿ, ಲೆಟರ್‌ಹೆಡ್ ಮೇಲೂ ಬೊಜ್ಜಿನ ಬಗ್ಗೆ ಎಚ್ಚರಿಕೆ ಅಚ್ಚು ಹಾಕಿಸಿ ಅಂತ. ಸಮೋಸಾ, ಜಿಲೇಬಿಗೆ ಸಿಗರೇಟಿನ ಗತಿ ಬಂತು ಎಂದು ಟಿವಿಯವರು ಬೊಬ್ಬೆ ಹೊಡೆದರು. ಹಾಗೇನಿಲ್ಲ, ಇದು ಬರೀ ಸಲಹೆ ಎಂದು ಸರ್ಕಾರ ಸಮಾಧಾನ ಹೇಳಿತು. ದೇಶ ನಿಟ್ಟುಸಿರು ಬಿಟ್ಟು ಇನ್ನೊಂದು ಸಮೋಸಾ ತಗೊಂಡಿತು.

ಅಂಥದೊಂದು ಜಾಗೃತಿ ಸಭೆಯಲ್ಲಿ ಕೂರುವ ಯೋಗ ನನಗೂ ಒದಗಿತ್ತು. ಇಲಾಖೆ ಹೆಸರು ಬೇಡ, ಬೋಂಡ ಚೆನ್ನಾಗಿತ್ತು. ಭಾಷಣಕಾರರು 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫೋಟೊ ತೋರಿಸಿದರು. ಇಬ್ಬರು ವೈದ್ಯರು, ಒಬ್ಬರು ಬ್ರಿಟನ್ನಿನ ಜಾನ್ ಯುಡ್ಕಿನ್, ಇನ್ನೊಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಮೈಯ ಕೊಬ್ಬು ಅಳೆದರೆ ಅವರಿಗೆ ಶೇ 9.1, ನಮ್ಮವರಿಗೆ ಶೇ 21.2. ನೋಡಲು ತೆಳ್ಳಗಿದ್ದರೂ ಭಾರತೀಯರು ಹುಷಾರಾಗಿರಬೇಕು ಎಂಬುದು ತಾತ್ಪರ್ಯ. ಸಭಿಕರು ಕಂಡುಕೊಂಡ ತಾತ್ಪರ್ಯ ಬೇರೆ. “ಅಂದ್ರೆ ಸಣ್ಣಗಿರೋರೂ ನಮ್ಮಂಗೇ ಅನ್ನಿ!” ಎಂದು ನನ್ನ ಪಕ್ಕದವರು ಖುಷಿಯಾಗಿ ಎರಡನೇ ಬೋಂಡಕ್ಕೆ ಕೈ ಹಾಕಿದರು. ಜೊತೆಗೆ ಕೇಸರಿಬಾತ್ ಇತ್ತು, ಮೈಸೂರುಪಾಕ್ ಇತ್ತು, ಸಕ್ಕರೆ ಮುಂದಾದ ಕಾಫಿ ಇತ್ತು. ಎಣ್ಣೆ ಸಕ್ಕರೆಯ ಬೋರ್ಡನ್ನು ತಿಂಡಿ ಮೇಜಿಗೆ ಒರಗಿಸಿಟ್ಟಿದ್ದರಿಂದ ಅದರ ಮೇಲೆ ಚಟ್ನಿ ಬಿದ್ದು, ಸಕ್ಕರೆ ಎಷ್ಟು ಗ್ರಾಂ ಎಂಬ ಸಾಲು ಕಾಣುತ್ತಿರಲಿಲ್ಲ. ಅಷ್ಟು ಜನಕ್ಕೆ ಬೋಂಡದ ಬಿಲ್ ಪಾಸ್ ಮಾಡಿದ್ದು ಯಾರ ಜೀನ್, ಯಾರ ನಾಲಿಗೆ ಎಂದು ಕೇಳಬೇಕೆನಿಸಿತು. ಬಾಯಿ ಖಾಲಿ ಇರಲಿಲ್ಲ.

ಮೊನ್ನೆ ಶಿರಸ್ತೇದಾರರ ಕೈಗೆ ಪ್ರಬಲ ದಾಖಲೆಯೊಂದು ಸಿಕ್ಕಿತು. ಬೆಂಗಳೂರಿನಲ್ಲಿರುವ ಮಗ ದುಡ್ಡು ಕಟ್ಟಿ ಅಪ್ಪನ ಎಂಜಲನ್ನು ಪರೀಕ್ಷೆಗೆ ಕಳಿಸಿದ್ದ, ವರದಿ ಬಂದಿತ್ತು: ತೂಕ ಏರುವ ಸಾಧ್ಯತೆ ಹೆಚ್ಚು. ಇವರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಹಾಜರುಪಡಿಸಿದರು. “ನೋಡೇ, ಇದ್ರಲ್ಲಿ ನನ್ ತಪ್ಪೇನೂ ಇಲ್ಲ. ಹೋಳಿಗೆ ಇನ್ನೊಂದು ಹಾಕು.”

ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಸರಿ ಕಣ್ರೀ, ಬೇರೆಯೋರಿಗಿಂತ ನಿಮಗೆ ಬೇಗ ಮೈ ಬರುತ್ತೆ ಅಂತ ಬರೆದವ್ರೆ. ಹಂಗಿದ್ಮೇಲೆ ಬೇರೆಯೋರಿಗಿಂತ ನಿಮಗೆ ಕಮ್ಮಿ ಹಾಕ್ಬೇಕು ತಾನೇ?” ಎಂದು ತಟ್ಟೆಯಲ್ಲಿದ್ದ ಹೋಳಿಗೆಯಲ್ಲೂ ಅರ್ಧ ವಾಪಸ್ ತೆಗೆದುಕೊಂಡರು.

ಮಾರನೇ ದಿನ ಬೆಳಿಗ್ಗೆ ಶಿರಸ್ತೇದಾರರು ಅಮಾನಿಕೆರೆಯಲ್ಲಿ ಜೀನ್ ಪಕ್ಷಕ್ಕೆ ರಾಜೀನಾಮೆ ಘೋಷಿಸಿದರು. ಏನು ತಿನ್ನಬೇಕು ಅನ್ನುವುದು ಮನುಷ್ಯನ ಸ್ವಂತ ಆಯ್ಕೆ, ಅದನ್ನು ಸಂವಿಧಾನವೇ ಕೊಟ್ಟಿದೆ, ಅದರಲ್ಲಿ ಜೀನೂ ತಲೆಹಾಕಕೂಡದು, ಹೆಂಡತಿಯೂ ತಲೆಹಾಕಕೂಡದು ಎಂಬುದು ಅವರ ಈಗಿನ ನಿಲುವು.